ಟಿವಿ ಮೇಲಿನ ಕುಂಕುಮ

ಮೊದಲೇ ಹೇಳಿಬಿಡುತ್ತೇನೆ. ನಂಬುವವರು ನಂಬಿ, ಬಿಡುವವರು ಬಿಡಿ, ನನಗೇನೂ ಬೇಜಾರಿಲ್ಲ. ಆದರೆ ನಮ್ಮ ಅಕ್ಕನ ಬಲಗೈ ಮಣಿಕಟ್ಟಿನೊಳಗೆ ಇವತ್ತಿಗೂ ಸ್ಟೀಲ್ ಪ್ಲೇಟ್ ಇದೆ. ಅವಳ ತಲೆಯ ಹಿಂದೆ ಅಂಗೈಯಗಲ ಕೂದಲು ಕಿತ್ತುಹೋದ ಜಾಗ ಇನ್ನೂ ತುಂಬಿಲ್ಲ. ಕಥೆ ಕಟ್ಟುವ ಚಟ ನನಗಿದ್ದರೂ, ಒಡಹುಟ್ಟಿದವಳ ಕೈ ಮುರಿದು ಕಟ್ಟುತ್ತಿರಲಿಲ್ಲ.

ನಾನು ಪಲ್ಲವಿ. ಊರು ಮೈಸೂರು. ಈಗ ಇರುವುದು ಸಿಡ್ನಿಯ ಪ್ಯಾರಮಟ್ಟಾದಲ್ಲಿ, ಬಾಡಿಗೆ ಫ್ಲ್ಯಾಟಿನಲ್ಲಿ, ಒಬ್ಬಳೇ. ನನ್ನ ಬಾಯಿ ಸ್ವಲ್ಪ ಜೋರು. ಕೋಪ ಬಂದಾಗ ಏನು ಹೇಳಿದೆ ಅನ್ನುವುದು ಹೇಳಿ ಮುಗಿದ ಮೇಲೇ ನನಗೆ ಗೊತ್ತಾಗುವುದು. ಮನೆಯವರೆಲ್ಲ ಇದನ್ನು ಆಡಿಕೊಂಡು ನಗುತ್ತಿದ್ದರು. ಈಗ ಯಾರೂ ನಗುವುದಿಲ್ಲ.

ನನ್ನ ಕೆಲಸ ಮನೆ ಮಾರಿಸುವುದು. ಆಸ್ಟ್ರೇಲಿಯಾದಲ್ಲಿ ಮನೆ ಮಾರುವುದೆಂದರೆ ಶನಿವಾರ ಬೆಳಿಗ್ಗೆ ಹೊರಗೆ ಬೋರ್ಡ್ ನಿಲ್ಲಿಸಿ, ಬಾಗಿಲು ಪೂರ್ತಿ ತೆರೆದಿಟ್ಟು, ದಾರಿಯಲ್ಲಿ ಹೋಗುವವರನ್ನೆಲ್ಲ ಅರ್ಧ ಗಂಟೆ ಒಳಗೆ ಬಿಡುವುದು. ಅದಕ್ಕೆ ಇನ್ಸ್‌ಪೆಕ್ಷನ್ ಅನ್ನುತ್ತಾರೆ. ಕೊಳ್ಳುವವರಿಗಿಂತ, ಪಕ್ಕದ ಮನೆಯವರ ಬಚ್ಚಲು ಹೇಗಿದೆ ನೋಡೋಣ ಅಂತ ಬರುವವರೇ ಜಾಸ್ತಿ. ಆದರೆ ನಮ್ಮ ಕಂಪನಿಯ ಮನೆಗಳಿಗೆ ಈ ಜಾತ್ರೆ ಇರಲಿಲ್ಲ. ಅವು ಇದ್ದದ್ದು ಸ್ಪೇನ್ ದೇಶದಲ್ಲಿ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ, ಬೇಸಿಗೆಗೆ ಜನ ಮಜಾ ಮಾಡಲು ಬರುವ ಊರುಗಳಲ್ಲಿ. ಕೊಳ್ಳುವವರು ಮಾತ್ರ ಇಲ್ಲಿಯ ನಮ್ಮವರು. ಐಟಿಯಲ್ಲಿ ದುಡಿದು ಒಂದು ಮನೆ ಮಾಡಿಕೊಂಡವರಿಗೆ ಎರಡನೆಯದರ ಕನಸು ಬೀಳುತ್ತದೆ ನೋಡಿ, ಅಂಥವರು.

ಅಷ್ಟು ದೂರದ ಮನೆಯನ್ನು ತೋರಿಸುವುದು ಹೇಗೆ? ಅಲ್ಲಿ ಪ್ರತಿ ಮನೆಯಲ್ಲೂ ಮೂರು ಚಕ್ರದ ಒಂದು ಸ್ಟ್ಯಾಂಡ್ ಇರುತ್ತಿತ್ತು, ಎದೆಯೆತ್ತರಕ್ಕೆ. ಅದರ ಮೇಲೆ ಟ್ಯಾಬ್ಲೆಟ್. ನಾನು ಅದನ್ನು ಗಾಡಿ ಅನ್ನುತ್ತಿದ್ದೆ. ಪ್ಯಾರಮಟ್ಟಾದ ಆಫೀಸಿನಲ್ಲಿ ಕುಳಿತು ಕೀಬೋರ್ಡ್ ಒತ್ತಿದರೆ ಅಲ್ಲಿ ಗಾಡಿ ಹಾಲಿನಿಂದ ರೂಮಿಗೆ, ರೂಮಿನಿಂದ ಬಾಲ್ಕನಿಗೆ ಓಡಾಡುತ್ತಿತ್ತು. ಅದರ ಕ್ಯಾಮೆರಾ ಕಂಡದ್ದು ನನಗೂ ಗಿರಾಕಿಗೂ ಕಾಣುತ್ತಿತ್ತು. ಗಿರಾಕಿಯ ಮುಖ, ನಮ್ಮ ಮಾತು, ಎಲ್ಲ ಅಲ್ಲಿ ಗಾಡಿಯ ಟ್ಯಾಬ್ಲೆಟ್‌ನಲ್ಲಿ. ನಮಗೆ ಸಂಜೆಯಾದಾಗ ಅಲ್ಲಿ ಬೆಳಿಗ್ಗೆ. ಹಾಗಾಗಿ ನನ್ನ ಕಿಟಕಿಯಾಚೆ ಕತ್ತಲು, ಸ್ಕ್ರೀನ್ ತುಂಬ ಬಿಸಿಲು.

ಆ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಬಿಳಿ ಗೋಡೆ, ನೀಲಿ ಚಿತ್ತಾರದ ಟೈಲ್ಸು, ಬಾಲ್ಕನಿಯಿಂದ ಕೈ ಚಾಚಿದರೆ ಸಿಗುತ್ತದೇನೋ ಅನ್ನುವಷ್ಟು ಹತ್ತಿರ ಸಮುದ್ರ. ಬೆಲೆ ಅನುಮಾನ ಬರುವಷ್ಟು ಕಡಿಮೆ. ಆದರೂ ಮಾರಾಟವಾಗುತ್ತಿರಲಿಲ್ಲ. ಬಾಲ್ಕನಿ ನೋಡಿದಾಗ ಎಲ್ಲರೂ ಆಹಾ ಓಹೋ ಅನ್ನುವರು... ಬೆಡ್‌ರೂಮಿಗೆ ಹೋಗುವ ಹೊತ್ತಿಗೆ ಅವರ ದನಿ ಸಣ್ಣದಾಗುತ್ತಿತ್ತು. ಮೆಲ್ಬೋರ್ನ್‌ನ ಕ್ಲೈಡ್ ನಾರ್ತ್‌ನಿಂದ ನೋಡುತ್ತಿದ್ದ ಒಬ್ಬರು ಅಂಕಲ್ ಮಾತ್ರ ಬಾಯಿಬಿಟ್ಟು ಕೇಳಿದ್ದರು.

"ಅಲ್ಲಮ್ಮ, ಆ ಗೋಡೆಗೆ ಯಾರೋ ತಲೆ ಚಚ್ಚಿದ ಹಾಗೆ ಸೌಂಡ್ ಬರ್ತಿದ್ಯಲ್ಲ?"

ನನಗೂ ಕೇಳಿಸಿತ್ತು. ದಪ್... ದಪ್... ಆಮೇಲೆ ಸ್ವಲ್ಪ ಬಿಟ್ಟು ಮತ್ತೆ ದಪ್. ಪಕ್ಕದ ಮನೆಯಲ್ಲಿ ರಿಪೇರಿ ಇರಬೇಕು ಅಂಕಲ್, ಅಂದೆ. ನಮ್ಮ ಮ್ಯಾನೇಜರ್ ಡೆರೆಕ್ ಕೂಡ ಅದನ್ನೇ ಹೇಳಿದ್ದ, ಹಳೇ ಬಿಲ್ಡಿಂಗು, ಶಬ್ದ ಹಾಯುತ್ತದೆ ಅಂತ. ನಾನು ನಂಬಿದ್ದೆ. ಸಂಬಳ ಕೊಡುವವನ ಮಾತು ನಂಬುವುದು ಸುಲಭ.

ಹೀಗಿರುವಾಗ ನಮ್ಮ ಅಕ್ಕ ಮಾಲಾ ಆ ಮನೆಯ ಫೋಟೋ ನೋಡಿಬಿಟ್ಟಳು. ಅವಳು ಇರುವುದು ಮೆಲ್ಬೋರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ, ಹಡಗುಕಟ್ಟೆ ಪಕ್ಕದ ಎತ್ತರದ ಟವರಿನಲ್ಲಿ. ಭಾವ ಆ ವಾರ ಆಫೀಸ್ ಕೆಲಸದ ಮೇಲೆ ಬ್ರಿಸ್ಬೇನ್‌ಗೆ ಹೋಗಿದ್ದರು. ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಅಕ್ಕನ ಜೊತೆ ಇದ್ದಳು. ಅಪ್ಪ ವಿಮಾನ ಹತ್ತಲ್ಲ ಅಂತ ಮೈಸೂರಲ್ಲೇ ಹಟ ಹಿಡಿದು ಕೂತಿದ್ದರು.

"ಬೇರೆ ತೋರಿಸ್ತೀನಿ ಕಣೆ," ಅಂದೆ.

"ನಂಗೆ ಆ ಬಾಲ್ಕನಿನೇ ಬೇಕು. ಶುಕ್ರವಾರ ಸಂಜೆ ಬುಕ್ ಮಾಡು. ಅಮ್ಮಾನೂ ನೋಡ್ಬೇಕಂತೆ," ಅಂದಳು.

ಅದು ಶ್ರಾವಣ ಶುಕ್ರವಾರ. ನಮ್ಮ ಅಮ್ಮನಿಗೆ ಶ್ರಾವಣ ಶುಕ್ರವಾರ ಅಂದರೆ ಮನೆಗೆ ಮುತ್ತೈದೆಯರು ಬರಬೇಕು, ಅರಿಶಿನ ಕುಂಕುಮ ತಗೊಳ್ಳಬೇಕು, ತಾಂಬೂಲ ಹಿಡಿದು ಹೋಗಬೇಕು. ಡಾಕ್‌ಲ್ಯಾಂಡ್ಸ್‌ನ ಟವರಿನಲ್ಲಿ ಯಾರು ಬರುತ್ತಾರೆ? ಎದುರು ಮನೆಯಲ್ಲಿ ನಾಯಿ ಸಾಕಿದ ಒಬ್ಬ ಬ್ಯಾಂಕಿನ ಹುಡುಗ. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತಲೇ ಗೊತ್ತಿಲ್ಲ. ಅದಕ್ಕೆ ಅಮ್ಮ ಒಂದು ದಾರಿ ಕಂಡುಕೊಂಡಿದ್ದಳು. ಮೈಸೂರಿನ ಚಿಕ್ಕಮ್ಮ, ಅತ್ತೆಯರಿಗೆ ವಿಡಿಯೋ ಕಾಲ್ ಮಾಡಿ, ಫೋನಿನ ಗಾಜಿನ ಮೇಲೆ ಅವರ ಹಣೆಗೇ ಕುಂಕುಮ ಇಡುವುದು. ಅವರೂ ಆ ಕಡೆಯಿಂದ ಹಣೆ ಬಗ್ಗಿಸುವರು. ಅಕ್ಕನ ಫೋನು ಸದಾ ಕೆಂಪಗೆ. ನಾನು ಎಷ್ಟು ರೇಗಿಸಿದ್ದೇನೋ ಲೆಕ್ಕವಿಲ್ಲ.

ಆ ಸಂಜೆ ಆಫೀಸಿನಲ್ಲಿ ನಾನೊಬ್ಬಳೇ. ಡೆರೆಕ್ ಮನೆಗೆ ಹೋಗಿದ್ದ. ಕೆಳಗೆ ರಸ್ತೆಯಲ್ಲಿ ಲೈಟ್ ರೈಲಿನ ಗಂಟೆ ಕೇಳುತ್ತಿತ್ತು. ಏಳು ಗಂಟೆಗೆ ಗಾಡಿಗೆ ಕನೆಕ್ಟ್ ಆದೆ. ನನ್ನ ಸ್ಕ್ರೀನಿನ ಮೂಲೆಯಲ್ಲಿ ಅಕ್ಕನ ಹಾಲ್ ಕಾಣುತ್ತಿತ್ತು. ಅವರು ದೊಡ್ಡ ಟಿವಿಗೆ ಹಾಕಿಕೊಂಡಿದ್ದರು. ಟಿವಿ ಮುಂದೆ ದೀಪ, ಬೆಳ್ಳಿ ತಟ್ಟೆ, ಎಲೆ ಅಡಿಕೆ. ಹಿಂದೆ ಒಲೆಯ ಮೇಲೆ ಪಾಯಸಕ್ಕೆ ಹಾಲು.

ಬಾಲ್ಕನಿ ತೋರಿಸಿದೆ. ಸಮುದ್ರ ಸುಮ್ಮನೆ ಹೊಳೆಯುತ್ತಿತ್ತು. ಅಕ್ಕ ಟಿವಿ ಹತ್ತಿರಕ್ಕೇ ಬಂದು ನೋಡಿದಳು.

"ಒಲೆ ಯಾವ ದಿಕ್ಕಿಗಿದೆಯೇ?" ಅಂದಳು ಅಮ್ಮ.

"ಅಮ್ಮ, ಅದು ಸ್ಪೇನು. ಅಲ್ಲಿ ಒಲೆಗೆ ದಿಕ್ಕಿಲ್ಲ."

"ಸೂರ್ಯ ಒಬ್ಬನೇ ತಾನೇ? ತೋರಿಸೇ ಸುಮ್ನೆ."

ನಗುತ್ತಲೇ ಅಡುಗೆಮನೆ ತೋರಿಸಿ, ಗಾಡಿಯನ್ನು ಬೆಡ್‌ರೂಮಿನ ಕಡೆ ತಿರುಗಿಸಿದೆ. ಅವತ್ತು ಆ ದಪ್ ದಪ್ ಇರಲಿಲ್ಲ. ಬದಲಿಗೆ ಒಂದು ತೊಟ್ಟಿಕ್ಕುವ ಶಬ್ದ... ನೀರು ಹನಿ ಹನಿಯಾಗಿ ಟೈಲ್ಸ್ ಮೇಲೆ ಬೀಳುವ ಶಬ್ದ.

ಬೆಡ್‌ರೂಮಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು.

ವಾರ್ಡ್‌ರೋಬ್ ಕಡೆ ಮುಖ, ನಮಗೆ ಬೆನ್ನು. ಬೂದು ಬಣ್ಣದ ಗೌನು, ಬರಿಗಾಲು. ಕೂದಲಿನ ತುದಿಯಿಂದ ನೀರು ಸೋರುತ್ತಿತ್ತು. ಕ್ಲೀನಿಂಗಿಗೆ ಬಂದವಳು ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಇಂಗ್ಲಿಷಿನಲ್ಲಿ ಸಾರಿ ಅಂತ ಹೇಳಿ ಗಾಡಿಯನ್ನು ಹಿಂದೆ ತಗೊಳ್ಳಲು ಹೋದೆ.

"ತಾಳೇ," ಅಂದಳು ಅಮ್ಮ. "ಯಾರೋ ಹೆಣ್ಣುಮಗಳು. ಶುಕ್ರವಾರ, ದೀಪ ಹಚ್ಚಿದೀನಿ. ಹಾಗೇ ಕಳಿಸ್ಬಾರದು. ಇಲ್ಲಿ ನೋಡಮ್ಮ..."

"ಅಮ್ಮ, ಪ್ಲೀಸ್. ಅವರಿಗೆ ಕನ್ನಡ ಬರಲ್ಲ."

ಆದರೆ ಅವಳು ತಿರುಗಿದಳು.

ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕೆಳತುಟಿ ಸೀಳಿತ್ತು. ಕುತ್ತಿಗೆಯ ಎರಡೂ ಕಡೆ ಬೆರಳಿನ ನೀಲಿ ಗುರುತು. ಅಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಮ್ಮ ಹೆದರಲಿಲ್ಲ. ಅವಳ ದನಿ ಕರಗಿಹೋಯಿತು.

"ಅಯ್ಯೋ, ಯಾವ ಪಾಪಿ ಹೀಗೆ ಹೊಡೆದಿದ್ದು ನಿನ್ನ?" ಅನ್ನುತ್ತ ಕುಂಕುಮದ ಭರಣಿ ಹಿಡಿದು ಟಿವಿ ಹತ್ತಿರ ಬಂದಳು. ಆ ಹೆಂಗಸು ಅಲ್ಲಿ ಹಣೆ ಬಗ್ಗಿಸಿದಳು. ಅಮ್ಮ ಇಲ್ಲಿ ಟಿವಿಯ ಗಾಜಿಗೆ ಕುಂಕುಮ ಇಟ್ಟಳು.

ನನ್ನ ಸ್ಕ್ರೀನಿನಲ್ಲಿ, ಅವಳ ಹಣೆಯ ಮೇಲೆ, ಕೆಂಪು ಬೊಟ್ಟು ಮೂಡಿತು.

ಸ್ವಲ್ಪ ಯೋಚನೆ ಮಾಡಿ. ಅಮ್ಮ ಹಚ್ಚಿದ್ದು ಮೆಲ್ಬೋರ್ನ್‌ನ ಟಿವಿ ಗಾಜಿಗೆ. ನಾನು ಸಿಡ್ನಿಯಲ್ಲಿ ನೋಡುತ್ತಿರುವುದು ಸ್ಪೇನಿನ ಕ್ಯಾಮೆರಾವನ್ನು. ನನಗೆ ಆ ಬೊಟ್ಟು ಕಾಣಲೇಬಾರದು. ನನ್ನ ಸ್ಕ್ರೀನಿಗೆ ಏನೋ ಮೆತ್ತಿದೆ ಅಂತ ತೋಳಿನಿಂದ ಉಜ್ಜಿದೆ. ಹೋಗಲಿಲ್ಲ. ಅವಳು ತಲೆ ಎತ್ತಿದಾಗ ಬೊಟ್ಟೂ ಅವಳ ಜೊತೆ ಮೇಲೆ ಬಂತು.

"ಒಂದ್ಸಲ ನಮ್ಮನೆಗೆ ಬಾರಮ್ಮ. ತಾಂಬೂಲ ಎತ್ತಿಟ್ಟಿರ್ತೀನಿ," ಅಂದಳು ಅಮ್ಮ. ಎಲ್ಲರಿಗೂ ಹೇಳುವ ಹಾಗೆ.

ಅವಳು ಹೂಂ ಅನ್ನುವಂತೆ ತಲೆಯಾಡಿಸಿದಳು. ಆ ಕ್ಷಣಕ್ಕೆ ಅಲ್ಲಿ ಮುಂಬಾಗಿಲು ತೆರೆದ ಸದ್ದಾಯಿತು. ಬೀಗ ತಿರುಗಿದ ಸದ್ದಲ್ಲ. ಬಾಗಿಲು ಗೋಡೆಗೆ ಬಡಿದ ಸದ್ದು.

ಗಾಡಿ ಎದೆಯೆತ್ತರ ಅಂದೆನಲ್ಲ, ಹಾಗಾಗಿ ಬಂದವನ ಮುಖ ಮೊದಲು ಕಾಣಲಿಲ್ಲ. ಮಡಚಿದ ಅಂಗಿತೋಳು, ದಪ್ಪ ಗೆಣ್ಣು, ಒಂದು ಉಂಗುರ. ಆ ಕೈ ನೇರವಾಗಿ ಅವಳ ಹಣೆಗೆ ಹೋಗಿ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿತು. ನಿಧಾನಕ್ಕೆ. ಹಣೆಯ ಚರ್ಮ ಜಗ್ಗುವ ಹಾಗೆ. ಆಮೇಲೆ ಅದೇ ಕೈ ಅವಳ ಕೂದಲನ್ನು ಬುಡದಲ್ಲಿ ಹಿಡಿದು, ತಲೆಯನ್ನು ವಾರ್ಡ್‌ರೋಬಿನ ಅಂಚಿಗೆ ಬಡಿಯಿತು.

ದಪ್.

ಅಕ್ಕ ಕಿರುಚಿದಳು. ಮತ್ತೆ ದಪ್. ಬಿಳಿ ಬಾಗಿಲಿನ ಮೇಲೆ ಕೆಂಪು ಚಿಮ್ಮಿತು. ಅವಳು ಒಂದು ಶಬ್ದವನ್ನೂ ಮಾಡಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಎಷ್ಟು ಸಲ ಹೊಡೆತ ತಿಂದಿದ್ದರೆ ಒಬ್ಬಳಿಗೆ ಕೂಗುವುದೂ ಮರೆತುಹೋಗುತ್ತದೆ?

"ಏಯ್! ಬಿಡೋ ಅವಳನ್ನ!" ಅಂತ ಅರಚಿ, ಗಾಡಿಯನ್ನು ಪೂರ್ತಿ ವೇಗದಲ್ಲಿ ಅವನ ಮೊಣಕಾಲಿಗೆ ನುಗ್ಗಿಸಿದೆ. ಅವನು ಒದ್ದ. ಗಾಡಿ ಮಗುಚಿ ಬಿತ್ತು. ನನ್ನ ಸ್ಕ್ರೀನ್ ಅಡ್ಡವಾಯಿತು. ಈಗ ಕಾಣುತ್ತಿದ್ದದ್ದು ನೆಲ, ಮಂಚದ ಕಾಲು, ನೆಲಕ್ಕೊರಗಿದ ಅವಳ ಮುಖ. ಅವನ ಬೂಟು ಅವಳ ಬೆರಳುಗಳ ಮೇಲೆ ಊರಿ ತಿರುಗಿತು. ಬೆರಳು ಮುರಿಯುವ ಶಬ್ದ ಸ್ಪೀಕರಿನಲ್ಲಿ ಇಷ್ಟು ಸ್ಪಷ್ಟವಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅವಳು ಇನ್ನೊಂದು ಕೈಯನ್ನು ಟ್ಯಾಬ್ಲೆಟ್ ಕಡೆ ಚಾಚಿದಳು. ಅದರಲ್ಲಿ ಅಮ್ಮನ ಮುಖವಿತ್ತಲ್ಲ.

"ಬಾ ಮಗಳೇ!" ಅಮ್ಮ ಅಳುತ್ತ ಕೂಗಿದಳು. "ಎದ್ದು ಬಾ! ನಮ್ಮನೆಗೆ ಬಾ, ನಾನು ಬಾಗಿಲು ತೆಗೀತೀನಿ, ಬಾ!"

ಅವನು ಬಗ್ಗಿ ಟ್ಯಾಬ್ಲೆಟ್‌ನೊಳಗೆ ನೋಡಿದ. ಅವನಿಗೆ ಮುಖ ಇತ್ತು. ಆದರೆ ಈಗ ಅದನ್ನು ನೆನಪಿಸಿಕೊಳ್ಳಲು ಹೋದರೆ ಬರೀ ಬಿಸಿಲು ಕಾಣುತ್ತದೆ, ಕಣ್ಣು ಚುಚ್ಚುವ ಬಿಸಿಲು.

ಕನೆಕ್ಷನ್ ಕಟ್ಟಾಯಿತು.

ಆ ಬಿಲ್ಡಿಂಗಿನ ಕೆಳಗೆ ಅಂಗಡಿ ಇಟ್ಟುಕೊಂಡ ಒಬ್ಬಾಕೆಯ ಹತ್ತಿರ ಮನೆಯ ಬೀಗದಕೈ ಇರುತ್ತಿತ್ತು. ಅವಳಿಗೆ ಫೋನ್ ಮಾಡಿ, ಪೊಲೀಸರನ್ನು ಕರಿ, ಮೇಲೆ ಒಬ್ಬಳನ್ನು ಕೊಲ್ಲುತ್ತಿದ್ದಾರೆ ಅಂದೆ. ಅವಳು ಹರುಕು ಮುರುಕು ಇಂಗ್ಲಿಷಿನಲ್ಲಿ ಹೇಳಿದಳು: ಬೀಗದಕೈ ನನ್ನ ಜೇಬಿನಲ್ಲೇ ಇದೆ, ಈ ವಾರ ಯಾರೂ ಮೇಲೆ ಹೋಗಿಲ್ಲ. ನಾನು ಬೈದ ಮೇಲೆ, ಹೋಗಿ ನೋಡುತ್ತೇನೆ ಅಂತ ಫೋನಿಟ್ಟಳು.

ಇಡುತ್ತಿದ್ದ ಹಾಗೇ ಅಕ್ಕನ ಫೋನ್ ಬಂತು. ಪಿಸುಮಾತು.

"ಪಲ್ಲೂ... ಯಾರೋ ಬಾಗಿಲು ತಟ್ತಿದಾರೆ."

"ಯಾರೇ?"

"ಗೊತ್ತಿಲ್ಲ ಕಣೆ. ಕೆಳಗಿಂದ ಯಾರೂ ಬಜರ್ ಒತ್ತಿಲ್ಲ."

ಆ ಟವರಿನಲ್ಲಿ ಫಾಬ್ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಕೀ ತೋರಿಸದೆ ಲಿಫ್ಟ್ ಅಲ್ಲಾಡುವುದಿಲ್ಲ. ಬರುವವರು ಕೆಳಗಿನಿಂದ ಬಜರ್ ಒತ್ತಬೇಕು, ಮನೆಯವರು ಬಿಡಬೇಕು. ಯಾರೂ ನೇರವಾಗಿ ಬಾಗಿಲಿಗೆ ಬರುವ ಹಾಗೇ ಇಲ್ಲ.

"ತೆಗೀಬೇಡ," ಅಂದೆ. "ಸ್ಪೀಕರ್ ಆನ್ ಮಾಡು. ಅಮ್ಮ, ಕೇಳಿಸ್ತಿದ್ಯಾ? ಬಾಗಿಲು ತೆಗೀಬೇಡ!"

ತಟ್ಟುವ ಶಬ್ದ ನನಗೂ ಕೇಳಿಸಿತು. ಬೆರಳು ಮುರಿದವರು ತಟ್ಟುವ ಹಾಗೆ... ಮೆತ್ತಗೆ, ಅಂಗೈಯಿಂದ.

"ಬಾ ಅಂತ ಕರೆದಿದ್ದು ನಾನು ಕಣೆ," ಅಂದಳು ಅಮ್ಮ. "ಕರೆದು ಬಾಗಿಲು ಹಾಕ್ಕೊಂಡು ಕೂತ್ಕೋತಾರಾ ಯಾರಾದ್ರೂ?"

"ಅಮ್ಮ, ಬೇಡ..." ಅಕ್ಕನ ದನಿ.

ಚಿಲಕ ತೆಗೆದದ್ದು ಕೇಳಿಸಿತು.

ಆಮೇಲೆ ಒದ್ದೆ ಪಾದಗಳು ಮರದ ನೆಲದ ಮೇಲೆ ನಡೆದ ಸದ್ದು. ಪಚಕ್... ಪಚಕ್... ಒಳಕ್ಕೆ.

"ಬಂದ್ಳು," ಅಂದಳು ಅಮ್ಮ.

"ಯಾರೂ ಇಲ್ಲಮ್ಮ! ಬಾಗಿಲು ಹಾಕು! ಪಲ್ಲೂ, ಯಾರೂ ಇಲ್ಲ ಕಣೆ, ಆದ್ರೆ ನೆಲ ಒದ್ದೆ ಆಗ್ತಿದೆ... ಉಪ್ಪು ನೀರಿನ ವಾಸನೆ..."

ಅಕ್ಕ ಓಡಿಹೋಗಿ ಬಾಗಿಲು ತಳ್ಳಿದಳು. ಅದು ಮುಚ್ಚಲಿಲ್ಲ. ಆಚೆಯಿಂದ ಯಾರೋ ಹಿಡಿದಿದ್ದರು.

ಮುಂದಿನದನ್ನು ನಾನು ನೋಡಲಿಲ್ಲ, ಕೇಳಿದೆ. ಫೋನು ನೆಲಕ್ಕೆ ಬಿತ್ತು, ಆದರೆ ಕಟ್ಟಾಗಲಿಲ್ಲ. ಬಾಗಿಲು ಗೋಡೆಗೆ ಬಡಿಯಿತು. ಬೂಟಿನ ಹೆಜ್ಜೆ. ಅಕ್ಕನ ಕೂಗು ಅರ್ಧಕ್ಕೇ ಕತ್ತರಿಸಿಹೋಯಿತು. ಹಸಿ ಕಡ್ಡಿ ಮುರಿದಂಥ ಶಬ್ದ ಬಂತು. ಅದು ಅವಳ ಮಣಿಕಟ್ಟು. ಆಮೇಲೆ, ನನಗೆ ಚೆನ್ನಾಗಿ ಗೊತ್ತಿದ್ದ ಶಬ್ದ. ಇಷ್ಟು ದಿನ ಪಕ್ಕದ ಮನೆ ರಿಪೇರಿ ಅಂತ ಗಿರಾಕಿಗಳಿಗೆ ನಾನೇ ಹೇಳುತ್ತಿದ್ದ ಶಬ್ದ.

ದಪ್... ದಪ್...

ಈ ಸಲ ಅದು ನಮ್ಮ ಅಕ್ಕನ ತಲೆ.

"ಬಿಡೋ! ಬಿಡೋ ನನ್ನ ಮಗಳನ್ನ!" ಅಮ್ಮನ ಚೀರಾಟ. ಪಾತ್ರೆ ಎಳೆದ ಸದ್ದು. ಒಲೆಯ ಮೇಲೆ ಉಕ್ಕುತ್ತಿದ್ದ ಹಾಲನ್ನು ಅಮ್ಮ ಪಾತ್ರೆ ಸಮೇತ ಎತ್ತಿ ಎರಚಿದ್ದಳು. ಅಂಗೈ ಎರಡೂ ಸುಟ್ಟುಕೊಂಡಿದ್ದು ಆಗಲೇ. ಸುರ್ರ್ ಅಂತ ಬೆಂದ ಸದ್ದು, ಅದರ ಹಿಂದೆಯೇ ಒಂದು ಗಂಡಸಿನ ಗೊಗ್ಗರು ಕೂಗು. ಆದರೂ ಅವನು ಬಿಡಲಿಲ್ಲ. ಅಕ್ಕನ ಗಂಟಲಿನಿಂದ ಗೊರಗೊರ ಶಬ್ದ ಬರುತ್ತಿತ್ತು. ಕತ್ತು ಹಿಸುಕುತ್ತಿದ್ದ.

ನಾನು ಏನು ಮಾಡಲಿ? ಇನ್ನೊಂದು ಊರಿನಲ್ಲಿ, ಕೈಯಲ್ಲಿ ಒಂದು ಫೋನ್ ಹಿಡಿದುಕೊಂಡು ನಿಂತಿದ್ದೇನೆ. ನನ್ನ ಅಕ್ಕ ಸಾಯುತ್ತಿದ್ದಾಳೆ. ಜೀವಮಾನದ ಕೋಪವನ್ನೆಲ್ಲ ಒಟ್ಟು ಮಾಡಿ ಕಿರುಚಿದೆ.

"ಏಯ್! ಥೂ ನಿನ್ನ ಮುಖಕ್ಕೆ! ತಾಕತ್ತಿದ್ರೆ ಅವಳನ್ನ ಬಿಟ್ಟು ನನ್ನ ಹತ್ರ ಬಾರೋ! ಪ್ಯಾರಮಟ್ಟಾಗೆ ಬಾ, ನಮ್ಮನೆಗೆ ಬಾ! ಬಾರೋ, ಒಂದು ಕೈ ನೋಡೇಬಿಡ್ತೀನಿ!"

ಎಲ್ಲ ನಿಂತುಹೋಯಿತು.

ಅಕ್ಕ ಉಸಿರೆಳೆದುಕೊಂಡು ಕೆಮ್ಮಿದ್ದು ಕೇಳಿಸಿತು. ಬೂಟಿನ ಹೆಜ್ಜೆ ಫೋನಿನ ಹತ್ತಿರ ಬಂತು. ಯಾರೋ ಅದನ್ನು ನೆಲದಿಂದ ಎತ್ತಿದರು. ನನ್ನ ಕಿವಿಗೆ ಉಸಿರು ಕೇಳಿಸಿತು... ಒಳಗೆ, ಹೊರಗೆ, ಅವಸರವೇ ಇಲ್ಲದ ಉಸಿರು. ಸೀದುಹೋದ ಹಾಲಿನ ವಾಸನೆ ಮೂಗಿಗೆ ಹೊಡೆಯಿತು. ಪ್ಯಾರಮಟ್ಟಾದ ಆಫೀಸಿನಲ್ಲಿ, ಫೋನಿನೊಳಗಿನಿಂದ. ನಾನು ಪ್ರಮಾಣ ಮಾಡಿ ಹೇಳುತ್ತೇನೆ.

ಆಮೇಲೆ ಡಾಕ್‌ಲ್ಯಾಂಡ್ಸ್‌ನ ಆ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಮರ್ಯಾದಸ್ಥರು ಮುಚ್ಚುವ ಹಾಗೆ.

ಪೊಲೀಸರು ಬಂದರು, ಆಂಬ್ಯುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಒಬ್ಬ ಮಹಿಳಾ ಪೊಲೀಸ್ ಅಕ್ಕನ ಪಕ್ಕ ಕೂತು ಮೆಲ್ಲಗೆ, ಮತ್ತೆ ಮತ್ತೆ ಅದನ್ನೇ ಕೇಳಿದಳಂತೆ: ನಿಮ್ಮ ಗಂಡ ಎಲ್ಲಿದ್ದರು? ಭಾವ ಬ್ರಿಸ್ಬೇನ್‌ನಲ್ಲಿ ಆಫೀಸಿನವರ ಜೊತೆ ಊಟಕ್ಕೆ ಕೂತಿದ್ದರು. ಪಾಪ, ಅದನ್ನು ಸಾಬೀತು ಮಾಡಬೇಕಾಯಿತು. ಆ ಪೊಲೀಸಿನವಳ ತಪ್ಪಿಲ್ಲ. ಅಕ್ಕನ ಕತ್ತಿನ ಮೇಲೆ ಬೆರಳಿನ ಗುರುತುಗಳಿದ್ದವು, ಅದರಲ್ಲಿ ಒಂದರಲ್ಲಿ ಉಂಗುರದ ಅಚ್ಚು. ಕಾರಿಡಾರಿನ ಕ್ಯಾಮೆರಾದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅಮ್ಮ ಬಾಗಿಲು ತೆಗೆದು ಯಾರನ್ನೋ ಒಳಗೆ ಕರೆಯುವ ಹಾಗೆ ಕೈಯಾಡಿಸುವುದು ಕಾಣುತ್ತದೆ. ಬಾಗಿಲು ಅರ್ಧ ಮುಚ್ಚಿ, ಮತ್ತೆ ರಪ್ಪನೆ ತೆರೆಯುವುದು ಕಾಣುತ್ತದೆ. ಕೊನೆಗೆ ಅದು ಮುಚ್ಚಿದ ಮೇಲೆ, ಆ ತುದಿಯಲ್ಲಿ ಖಾಲಿ ಲಿಫ್ಟು ಬಂದು ನಿಂತು, ಬಾಗಿಲು ತೆರೆದು, ಕೆಳಗೆ ಹೋಗುತ್ತದೆ. ಲಿಫ್ಟನ್ನು ಕರೆದವರು ಯಾರು ಅಂತ ಪೊಲೀಸರೇ ಭಾವನನ್ನು ಕೇಳಿದರು.

ಮಾರನೇ ದಿನ ಸ್ಪೇನಿನ ಆ ಅಂಗಡಿಯಾಕೆ ಗಾಡಿಯನ್ನು ಎತ್ತಿ ನಿಲ್ಲಿಸಿದ್ದಳು. ಮನೆ ಬೀಗ ಹಾಕಿದಂತೆಯೇ ಇತ್ತು, ಯಾರೂ ಇರಲಿಲ್ಲ, ಗಾಡಿ ಮಾತ್ರ ಬಿದ್ದಿತ್ತು ಅಂದಳು. ಕೊನೆಯ ಸಲ ಕನೆಕ್ಟ್ ಆಗಿ ಎಲ್ಲ ರೂಮಿನಲ್ಲೂ ಓಡಾಡಿಸಿದೆ. ರಕ್ತವಿಲ್ಲ, ನೀರಿಲ್ಲ. ಬೆಡ್‌ರೂಮಿನ ಗೋಡೆಯ ಮೇಲೆ, ಆಳೆತ್ತರದಲ್ಲಿ, ಏನೋ ಬಿಳಿಯದು ಚೆಲ್ಲಿ ಒಣಗಿದ ಕಲೆ. ಕೆನೆ ಕಟ್ಟಿ ಅಂಚು ಹಳದಿಯಾಗಿತ್ತು. ಹಾಲು ಒಣಗಿದರೆ ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ನಾನು ಆ ಕೆಲಸ ಬಿಟ್ಟೆ. ಆ ಮನೆ ಆಮೇಲೆ ಬೇಗ ಮಾರಾಟವಾಯಿತಂತೆ. ಕೊಂಡವರು ಸುಖವಾಗಿದ್ದಾರಂತೆ, ಯಾವ ಶಬ್ದವೂ ಇಲ್ಲವಂತೆ. ಇರುವುದಿಲ್ಲ ಬಿಡಿ. ಅಲ್ಲಿ ಈಗ ಯಾರೂ ಇಲ್ಲವಲ್ಲ.

ಅವಳು ಅಕ್ಕನ ಮನೆಯಲ್ಲಿದ್ದಾಳೆ. ಅಮ್ಮ ಪ್ರತಿ ಶುಕ್ರವಾರ ಟಿವಿ ಮುಂದೆ ತಟ್ಟೆಯಲ್ಲಿ ಕುಂಕುಮ ಇಡುತ್ತಾಳೆ, ಬೆಳಿಗ್ಗೆ ಅದರಲ್ಲಿ ಒಂದು ಬೆರಳಿನ ಗುರುತು ಇರುತ್ತದೆ. ಅಕ್ಕನಿಗೂ ಈಗ ಭಯವಿಲ್ಲ. "ಪಾಪ ಕಣೆ, ಯಾರಿಗೂ ತೊಂದ್ರೆ ಕೊಡಲ್ಲ ಅವ್ಳು. ಎಲ್ಲೋ ಮೂಲೇಲಿ ಇರ್ತಾಳೆ," ಅನ್ನುತ್ತಾಳೆ ಅಮ್ಮ, ಸುಟ್ಟ ಅಂಗೈಗೆ ಮುಲಾಮು ಹಚ್ಚಿಕೊಳ್ಳುತ್ತ. ನನ್ನ ಬಗ್ಗೆ ಮಾತ್ರ ಇಬ್ಬರೂ ಏನೂ ಕೇಳುವುದಿಲ್ಲ. ಕೇಳಲು ಹೆದರುತ್ತಾರೆ. ಅಮ್ಮ ಕರೆದದ್ದು ಅವಳನ್ನು. ನಾನು ಕರೆದದ್ದು ಯಾರನ್ನು ಅಂತ ಅವರಿಗೂ ಗೊತ್ತು.

ಅವನು ಬಂದಿದ್ದಾನೆ.

ಮೆಲ್ಬೋರ್ನ್‌ನಿಂದ ಇಲ್ಲಿಗೆ ಬರಲು ಅವನಿಗೆ ಮೂರು ವಾರ ಹಿಡಿಯಿತು. ಒಂದು ಸಂಜೆ ನನ್ನ ಮಹಡಿಯಲ್ಲಿ ಲಿಫ್ಟ್ ನಿಂತಿತು. ಬೂಟಿನ ಹೆಜ್ಜೆ ನನ್ನ ಬಾಗಿಲ ಮುಂದೆ ಬಂದು ನಿಂತಿತು. ಅಂಗೈಯಿಂದ ಒಂದೇ ಏಟು. ಬಾಗಿಲಿನ ಚೌಕಟ್ಟು ಅದುರಿತು. ಸೀದ ಹಾಲಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಬಾಗಿಲಿನ ಇಣುಕುಕಿಂಡಿಯಲ್ಲಿ ಕಣ್ಣಿಟ್ಟು ನೋಡಿದೆ. ಹೊರಗೆ ರಾತ್ರಿ ಎಂಟು ಗಂಟೆ. ಕಾರಿಡಾರಿನಲ್ಲಿ ಮಾತ್ರ ಬಿಸಿಲು... ಕಣ್ಣು ಚುಚ್ಚುವ ಬಿಸಿಲು.

ಆಮೇಲೆ ಪ್ರತಿ ಸಂಜೆಯೂ ಹೀಗೇ. ಒಂದೇ ಏಟು, ಅಷ್ಟೇ. ಅವನು ಬಾಗಿಲು ಒಡೆಯುವುದಿಲ್ಲ. ನಾನು ತೆಗೆಯುವುದಿಲ್ಲ. ತೆಗೆಯದೆ ಒಳಗೆ ಬರಲಾರ ಅನ್ನುವುದು ನನ್ನ ಲೆಕ್ಕ, ಸರಿಯೋ ತಪ್ಪೋ ಗೊತ್ತಿಲ್ಲ. ಕತ್ತಲಾಗುವ ಮೊದಲೇ ಮನೆ ಸೇರಿ ಚಿಲಕ ಹಾಕಿಕೊಳ್ಳುತ್ತೇನೆ. ಅಕ್ಕನ ಮನೆಗೆ ಬಾ ಅಂತ ಭಾವ ದಿನಾ ಕರೆಯುತ್ತಾರೆ. ಹೋಗುವುದಿಲ್ಲ. ನಾನು ಹೋದರೆ ಅವನೂ ನನ್ನ ಹಿಂದೆ ಬರುತ್ತಾನೆ. ಅಲ್ಲಿ ಅಕ್ಕ ಇದ್ದಾಳೆ, ಅಮ್ಮ ಇದ್ದಾಳೆ, ಮೂಲೆಯಲ್ಲಿ ಆ ಪಾಪದವಳೂ ಇದ್ದಾಳೆ. ಹೇಗೋ ಇಲ್ಲೇ ತಡೆದಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ.

ಹೋದ ವಾರ ಓನರ್ ಮೇಲ್ ಹಾಕಿದ್ದಾನೆ. ನಾನಿರುವ ಈ ಫ್ಲ್ಯಾಟನ್ನು ಮಾರುತ್ತಾನಂತೆ. ಏಜೆಂಟನಿಗೆ ಫೋನ್ ಮಾಡಿ, ಜನರನ್ನು ಒಳಗೆ ಬಿಡಬೇಡಿ ಅಂತ ಬೇಡಿಕೊಂಡೆ, ಬೈದೆ, ಕೊನೆಗೆ ಅತ್ತೆ. ಬಾಡಿಗೆಯವರು ಬೇಡ ಅನ್ನುವ ಹಾಗಿಲ್ಲವಂತೆ. ಹುಡುಗ ಒಳ್ಳೆಯವನು, ಸಮಾಧಾನ ಮಾಡಿದ. ನೀವು ಮನೆಯಲ್ಲಿ ಇರಲೇಬೇಕಂತಿಲ್ಲ, ನನ್ನ ಹತ್ತಿರ ಕೀ ಇದೆ, ನಾನೇ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ನಗುನಗುತ್ತ ಒಳಗೆ ಕರೆಯುತ್ತೇನೆ ಅಂದ.

ಇವತ್ತು ಶುಕ್ರವಾರ. ಇದನ್ನು ಬರೆಯುವಾಗಲೇ ಒಂದು ಏಟು ಬಿತ್ತು. ಆದರೆ ಇವತ್ತು ಅವನು ಹೋಗಿಲ್ಲ. ಉಸಿರು ಕೇಳಿಸುತ್ತಿದೆ, ಅವಸರವೇ ಇಲ್ಲದ ಉಸಿರು.

ಇನ್ಸ್‌ಪೆಕ್ಷನ್ ನಾಳೆ ಬೆಳಿಗ್ಗೆ ಹನ್ನೊಂದಕ್ಕೆ. ಅರ್ಧ ಗಂಟೆ ಬಾಗಿಲು ತೆರೆದಿಡುತ್ತಾರೆ.